ಪಕ್ಷನಿಷ್ಠೆಯಲ್ಲಿ ಸಂಶಯವುಳ್ಳ ಉಮೇದುವಾರನಿಗೆ ಮತ ಕೊಡಬಹುದೋ?

ಶಾಸನಸಭೆಯ ಚುನಾವಣೆ ಹತ್ತಿರವಾಗುವಾಗ ಗ್ರಾಮವಾಸಿಗಳಾದ ಮತದಾರರ ಮನಸ್ಸನ್ನು ಕಲಕುವ ಪ್ರಶ್ನೆಗಳು ಹಲವು. ಅವುಗಳಲ್ಲಿ ಒಂದನ್ನು ಮಾತ್ರ ಇಲ್ಲಿ ವಿಚಾರಿಸಬೇಕೆಂದಿದ್ದೇವೆ. ಒಬ್ಬ ಉಮೇದುವಾರನು ಈ ಹೊತ್ತು ಒಂದು ಪಕ್ಷದ ಗುರುತಿನಿಂದ ನಿಂತಿದ್ದಾನೆ. ಆದರೆ ಗೆದ್ದ ಮೇಲೆ ಆತನು ಆ ಪಕ್ಷದಲ್ಲಿಯೇ ಉಳಿಯುವನೆಂಬ ಭರವಸೆ ಯಾರಿಗೂ ಇಲ್ಲ. ಯಾಕಂದರೆ ಮುಂಚೆ ಒಂದೆರಡು ಸಾರಿ ಆತನು ಪಕ್ಷವನ್ನು ಬಿಟ್ಟದ್ದುಂಟು, ಅಥವಾ ಬಿಡುವನೆಂಬ ಸುದ್ದಿಯು ಸಂತೆಯಲ್ಲಿಯೂ ಚಹದ ಅಂಗಡಿಯಲ್ಲಿಯೂ ಹರಡಿದೆ. ಇಂಥವನಿಗೆ ನಮ್ಮ ಮತವನ್ನು ಒಪ್ಪಿಸಬಹುದೋ? ಒಪ್ಪಿಸಿದರೆ ಅದು ಬುದ್ಧಿಹೀನತೆಯೋ? ಒಪ್ಪಿಸದೆಹೋದರೆ ಆತನಿಗೆ ಅನ್ಯಾಯ ಮಾಡಿದಂತಾಗುವದೋ?

ಈ ಪ್ರಶ್ನೆಗೆ ಎರಡು ಸುಲಭವಾದ ಉತ್ತರಗಳು ಕೇಳಬರುತ್ತವೆ. ಒಮ್ಮೆ ಜಿಗಿದವನು ಇನ್ನೊಮ್ಮೆ ಜಿಗಿಯದೆ ಇರನು, ಆತನನ್ನು ಬಾಗಿಲೊಳಗೆ ಬಿಡಲೇ ಕೂಡದೆಂದು ಕೆಲವರು ಹೇಳುತ್ತಾರೆ. ಪಕ್ಷವೆಂಬದು ಬೆಂಗಳೂರಿನವರ ವ್ಯವಹಾರ, ನಮಗೆ ಬೇಕಾದದ್ದು ನೀರು, ದಾರಿ, ಆಸ್ಪತ್ರೆ, ಯಾವ ಗುರುತಿನವನು ತಂದುಕೊಟ್ಟರೂ ಒಂದೇ ಎಂದು ಬೇರೆ ಕೆಲವರು ಹೇಳುತ್ತಾರೆ. ಇವೆರಡೂ ಮತದಾರನನ್ನು ವಿಚಾರಮಾಡುವ ಕಷ್ಟದಿಂದ ತಪ್ಪಿಸುವ ಉತ್ತರಗಳೆಂದು ನಮಗೆ ತೋರುತ್ತದೆ.

ಪ್ರಿಯ ವಾಚಕರೇ, ಇದನ್ನು ದೂರದೇಶದ ಪ್ರಶ್ನೆಯೆಂದು ಎಣಿಸಬೇಡಿರಿ. ಕಂಪ್ಲಿ ತಾಲ್ಲೂಕಿನ ಮೆಟ್ರಿ ಗ್ರಾಮದವರನ್ನು ದೃಷ್ಟಾಂತಕ್ಕೆ ತೆಗೆದುಕೊಳ್ಳೋಣ. ಅವರ ಕಂಪ್ಲಿ ಕ್ಷೇತ್ರವು 2008ರಲ್ಲಿ ಟಿ. ಎಚ್. ಸುರೇಶ್ ಬಾಬು ಅವರನ್ನು ಭಾರತೀಯ ಜನತಾ ಪಕ್ಷದ ಉಮೇದುವಾರರಾಗಿ ಆರಿಸಿ ಕಳುಹಿಸಿತು. 2011ರಲ್ಲಿ ಬಿ. ಶ್ರೀರಾಮುಲು ಅವರು ಆ ಪಕ್ಷವನ್ನು ಬಿಟ್ಟು, ಬಳ್ಳಾರಿ ಗ್ರಾಮಾಂತರದ ಉಪಚುನಾವಣೆಯಲ್ಲಿ ಪಕ್ಷೇತರರಾಗಿ ಗೆದ್ದು, ಅನಂತರ ಬಡವರ ಶ್ರಮಿಕರ ರೈತರ ಕಾಂಗ್ರೆಸ್ ಎಂಬ ಹೊಸ ಪಕ್ಷವನ್ನು ಕಟ್ಟಿದರು. 2013ರಲ್ಲಿ ಸುರೇಶ್ ಬಾಬು ಅವರು ಈ ಹೊಸ ಪಕ್ಷದಿಂದ ನಿಂತಾಗ ಕಂಪ್ಲಿಯವರು ಅವರನ್ನೇ ಪುನಃ ಆರಿಸಿದರು. ರಾಜ್ಯದಲ್ಲೆಲ್ಲಾ ಆ ಪಕ್ಷಕ್ಕೆ ದೊರೆತ ಸ್ಥಾನಗಳು 4 ಮಾತ್ರ. ಅವುಗಳಲ್ಲಿ ಕಂಪ್ಲಿಯೂ ಒಂದು. 2014ರ ಲೋಕಸಭೆಯ ಚುನಾವಣೆಗೆ ಮುಂಚೆ ಶ್ರೀರಾಮುಲು ಅವರು ತಮ್ಮ ಮೊದಲಿನ ಪಕ್ಷಕ್ಕೆ ಮರಳಿದರು. 2018ರಲ್ಲಿ ಸುರೇಶ್ ಬಾಬು ಅವರೂ ಅದೇ ಮೊದಲಿನ ಪಕ್ಷದ ಗುರುತಿನಿಂದ ನಿಂತರು. ಈ ಸಾರಿ ಕಂಪ್ಲಿಯು ಕಾಂಗ್ರೆಸ್ಸಿನ ಜೆ. ಎನ್. ಗಣೇಶ್ ಅವರನ್ನು ಆರಿಸಿತು. ಹೀಗೆ ಹತ್ತು ವರುಷಗಳೊಳಗೆ ಮೆಟ್ರಿಯ ಮತದಾರನು ಒಬ್ಬರೇ ಉಮೇದುವಾರರನ್ನು ಮೂರು ಸಾರಿ ಎದುರುಗೊಂಡನು. ಗುರುತು ಮಾತ್ರ ಹೋಗಿ ಬಂದಿತ್ತು.

ಪಕ್ಕದ ಹೊಸಪೇಟೆಯಲ್ಲಿ, ಅಂದರೆ ವಿಜಯನಗರ ಕ್ಷೇತ್ರದಲ್ಲಿ, ನಡೆದದ್ದು ಇನ್ನೂ ವಿಚಾರಕ್ಕೆ ಯೋಗ್ಯವಾದದ್ದು. ಅಲ್ಲಿಯ ಆನಂದ್ ಸಿಂಗ್ ಅವರು 2008ರಲ್ಲಿಯೂ 2013ರಲ್ಲಿಯೂ ಭಾರತೀಯ ಜನತಾ ಪಕ್ಷದಿಂದ ಗೆದ್ದರು. 2018ರ ಆರಂಭದಲ್ಲಿ ಕಾಂಗ್ರೆಸ್ಸನ್ನು ಸೇರಿ, ಅದೇ ವರುಷದ ಮೇ ತಿಂಗಳಲ್ಲಿ ಆ ಪಕ್ಷದಿಂದ ಗೆದ್ದರು. 2019ರ ಜುಲೈ 1ರಂದು ರಾಜೀನಾಮೆ ಕೊಟ್ಟು, ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಮೊದಲಿನ ಪಕ್ಷದಿಂದಲೇ ನಿಂತು ಮತ್ತೂ ಗೆದ್ದರು. ಅವರ ಎದುರಾಳಿಗಳ ಸಂಗತಿಯೂ ಹೀಗೆಯೇ. 2018ರಲ್ಲಿ ಭಾರತೀಯ ಜನತಾ ಪಕ್ಷದಿಂದ ನಿಂತು ಅವರೆದುರು ಸೋತ ಎಚ್. ಆರ್. ಗವಿಯಪ್ಪ ಅವರು 2023ರಲ್ಲಿ ಕಾಂಗ್ರೆಸ್ಸಿನಿಂದ ನಿಂತು, ಆನಂದ್ ಸಿಂಗ್ ಅವರ ಮಗನನ್ನು ಸೋಲಿಸಿದರು. ಕೈ ಇದ್ದಲ್ಲಿ ಕಮಲ, ಕಮಲ ಇದ್ದಲ್ಲಿ ಕೈ. ಎರಡು ಎತ್ತುಗಳ ನೊಗವನ್ನು ಬದಲಿಸಿ ಕಟ್ಟಿದಂತೆ ಐದು ವರುಷಗಳಲ್ಲಿ ಆಗಿಹೋಯಿತು. ಇಂಥ ಊರಿನ ಮತದಾರನಿಗೆ, ಪಕ್ಷನಿಷ್ಠೆಯಲ್ಲಿ ಸಂಶಯವುಳ್ಳವನಿಗೆ ಮತ ಕೊಡಬೇಡ ಎಂದು ಉಪದೇಶಿಸಿದರೆ, ಹಾಗಾದರೆ ಯಾರಿಗೆ ಕೊಡಲಿ ಎಂದು ಆತನು ತಿರುಗಿ ಕೇಳನೇ?

ಆದಕಾರಣ ಮೊದಲು ಪಕ್ಷನಿಷ್ಠೆ ಎಂಬದರ ಬೆಲೆ ಎಷ್ಟೆಂಬದನ್ನು ತಿಳಿಯಬೇಕು. ಗ್ರಾಮಪಂಚಾಯತಿಯ ಚುನಾವಣೆಯಲ್ಲಿ ನಮ್ಮ ರಾಜ್ಯದ ಕಾನೂನಿನ ಪ್ರಕಾರ ಪಕ್ಷಗಳ ಗುರುತುಗಳಿಗೆ ಸ್ಥಳವಿಲ್ಲ. ಅಲ್ಲಿ ಅವು ಬೇಕಾಗಿಯೂ ಇಲ್ಲ. ನಿಂತವನ ತಂದೆ ಯಾರು, ಅವನು ಸಾಲ ತೀರಿಸುವ ಬಗೆ ಹೇಗೆ, ಬದುವಿನ ಜಗಳದಲ್ಲಿ ಅವನು ಏನು ಮಾಡಿದನು, ಮನೆಯವರೊಡನೆ ಹೇಗಿದ್ದಾನೆ, ಇವೆಲ್ಲವನ್ನು ಓಣಿಯ ಮಕ್ಕಳೂ ಬಲ್ಲರು. ಆದರೆ ಶಾಸನಸಭೆಗೆ ನಿಲ್ಲುವವನನ್ನು ಲಕ್ಷಕ್ಕಿಂತ ಹೆಚ್ಚು ಮಂದಿ ಮತದಾರರಲ್ಲಿ ಎಷ್ಟು ಜನರು ಬಲ್ಲರು? ಅವನು ವಾಹನದಲ್ಲಿ ಬಂದು, ಕೈಮುಗಿದು, ಧೂಳೆಬ್ಬಿಸಿ ಹೋಗುತ್ತಾನೆ. ಇಲ್ಲಿ ಪಕ್ಷವು ಜಾಮೀನುದಾರನ ಕೆಲಸವನ್ನು ಮಾಡುತ್ತದೆ. ಸಹಕಾರ ಸಂಘದಲ್ಲಿ ಪರಿಚಯವಿಲ್ಲದವನು ಸಾಲ ಕೇಳಿದರೆ, ಪರಿಚಯವಿರುವ ಒಬ್ಬನ ಸಹಿ ಬೇಕಾಗುವದಷ್ಟೆ? ಈ ಮನುಷ್ಯನನ್ನು ನೀವು ಅರಿಯದಿದ್ದರೂ ನಮ್ಮನ್ನು ಅರಿತಿದ್ದೀರಿ, ನಾವು ಹೇಳಿದ್ದನ್ನು ಇವನು ಮಾಡುವನು ಎಂದು ಪಕ್ಷವು ಸಹಿ ಹಾಕುತ್ತದೆ. 1951–52ರ ಮೊದಲನೆಯ ಮಹಾಚುನಾವಣೆಯ ಕಾಲದಲ್ಲಿ ಈ ದೇಶದವರಲ್ಲಿ ನೂರಕ್ಕೆ ಸುಮಾರು 18 ಮಂದಿಗೆ ಮಾತ್ರ ಓದಬರುತ್ತಿತ್ತು. ಅಕ್ಷರವಿಲ್ಲದವರೂ ತಮ್ಮ ಮನಸ್ಸನ್ನು ತಿಳಿಸುವ ಹಾಗೆ ಚಿತ್ರಗಳ ಗುರುತುಗಳನ್ನು ಏರ್ಪಡಿಸಿದರು. ಬಡವನ ಕೈಗೆ ಸಿಕ್ಕಿದ ಒಂದು ಹಿಡಿಕೆ ಅದು. ಅದನ್ನು ಹಗುರವಾಗಿ ನೋಡುವವರು ಆ ಬಡವನನ್ನೇ ಹಗುರವಾಗಿ ನೋಡುತ್ತಾರೆ. 2015ರಿಂದ ಈಚೆಗೆ ಉಮೇದುವಾರನ ಭಾವಚಿತ್ರವನ್ನೂ ಮತಪತ್ರದ ಮೇಲೆ ಮುದ್ರಿಸುತ್ತಾರೆ. ಒಂದೇ ಹೆಸರಿನವರು ಇಬ್ಬರು ನಿಂತರೆ ಗೊಂದಲವಾಗಬಾರದೆಂಬದು ಅದರ ಉದ್ದೇಶ. ಹೊಸಪೇಟೆಯವರಿಗೋ ಅದು ಮತ್ತೊಂದು ಪಾಠವನ್ನು ಕಲಿಸಿತು. 2018ರಲ್ಲಿ ಕೈಯ ಪಕ್ಕದಲ್ಲಿದ್ದ ಮುಖವನ್ನೇ ಅವರು ಮರುವರುಷ ಕಮಲದ ಪಕ್ಕದಲ್ಲಿ ಕಂಡರು.

ಆದರೂ ಜಾಮೀನಿನ ಬೆಲೆಯು ಜಾಮೀನುದಾರನ ಮಾತಿನ ಬೆಲೆಗಿಂತ ಹೆಚ್ಚಾಗಲಾರದು. ತನ್ನನ್ನು ಬಿಟ್ಟುಹೋದವನನ್ನು ದ್ರೋಹಿ ಎಂದು ಕರೆಯುವ ಪಕ್ಷವು, ಮತ್ತೊಂದನ್ನು ಬಿಟ್ಟು ಬಂದವನಿಗೆ ಹೂವಿನ ಹಾರ ಹಾಕುವದನ್ನು ನಾವೆಲ್ಲರೂ ನೋಡಿದ್ದೇವೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 2021ರ ಏಪ್ರಿಲಿನಲ್ಲಿ ಉಪಚುನಾವಣೆ ನಡೆಯಿತು. ಕಾಂಗ್ರೆಸ್ಸಿನಿಂದ ಗೆದ್ದು ಅದನ್ನು ಬಿಟ್ಟಿದ್ದ ಪ್ರತಾಪಗೌಡ ಪಾಟೀಲ ಅವರು ಭಾರತೀಯ ಜನತಾ ಪಕ್ಷದಿಂದ ನಿಂತರು. 2018ರಲ್ಲಿ ಆ ಪಕ್ಷದಿಂದ ಅವರೆದುರು ನಿಂತು 213 ಮತಗಳಿಂದ ಸೋತಿದ್ದ ಬಸನಗೌಡ ತುರುವಿಹಾಳ ಅವರು ಕಾಂಗ್ರೆಸ್ಸಿನಿಂದ ನಿಂತರು. ಜನರು ತುರುವಿಹಾಳ ಅವರನ್ನು ಆರಿಸಿದರು. ಪಕ್ಷಾಂತರವನ್ನು ಖಂಡಿಸಿದರೆಂದು ಅದನ್ನು ಕೆಲವರು ಹೊಗಳಿದರು. ಆದರೆ ಗೆದ್ದವರೂ ಪಕ್ಷವನ್ನು ದಾಟಿ ಬಂದವರೇ ಅಲ್ಲವೇ? ಅಲ್ಲಿಯ ಜನರು ನೋಡಿದ್ದು ಬೇರೆ ಯಾವದನ್ನೋ ಇರಬೇಕು. ಅದು ಯಾವದೆಂಬದೇ ನಮ್ಮ ಪ್ರಶ್ನೆ.

ಇನ್ನು ಶಾಸಕನು ಯಾರಿಗೆ ನಿಷ್ಠನಾಗಿರುವೆನೆಂದು ಮಾತು ಕೊಡುತ್ತಾನೆ ಎಂಬದನ್ನು ನೋಡೋಣ. ಆರಿಸಲ್ಪಟ್ಟವನು ದೇವರ ಹೆಸರಿನಲ್ಲಾಗಲಿ ಸತ್ಯನಿಷ್ಠೆಯಿಂದಾಗಲಿ ಮಾಡುವ ಪ್ರಮಾಣದಲ್ಲಿ ಸಂವಿಧಾನಕ್ಕೆ ನಿಷ್ಠೆ, ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ತಾನು ಕೈಕೊಳ್ಳುವ ಕರ್ತವ್ಯ, ಈ ಮಾತುಗಳಿವೆ. ಪಕ್ಷದ ಹೆಸರು ಅದರಲ್ಲಿಲ್ಲ. 1985ರಲ್ಲಿ 52ನೆಯ ತಿದ್ದುಪಡಿಯಿಂದ ಹತ್ತನೆಯ ಅನುಸೂಚಿಯು ಸೇರುವ ತನಕ ನಮ್ಮ ಸಂವಿಧಾನದಲ್ಲಿ ರಾಜಕೀಯ ಪಕ್ಷವೆಂಬದರ ಪ್ರಸ್ತಾಪವೇ ಇರಲಿಲ್ಲ. 1967ರಲ್ಲಿ ಹರಿಯಾಣದ ಗಯಾಲಾಲ್ ಎಂಬ ಶಾಸಕರು ಹದಿನೈದು ದಿನಗಳಲ್ಲಿ ಮೂರು ಸಾರಿ ಪಕ್ಷ ಬದಲಿಸಿ ದೇಶಕ್ಕೆಲ್ಲಾ ಗಾದೆಯಾದರು. ನಮ್ಮ ರಾಜ್ಯದಲ್ಲಿಯೂ 1978ರಲ್ಲಿ ಇಂದಿರಾ ಕಾಂಗ್ರೆಸ್ಸಿನಿಂದ ಗೆದ್ದ ಶಾಸಕರಲ್ಲಿ ಬಹುಮಂದಿ 1979ರಲ್ಲಿ ದೇವರಾಜ ಅರಸು ಅವರ ಹಿಂದೆ ಹೊರಟು, 1980ರ ಲೋಕಸಭೆಯ ಚುನಾವಣೆಯ ಫಲವನ್ನು ಕಂಡ ಕೂಡಲೆ ಹೊರಟಲ್ಲಿಗೇ ಮರಳಿದರು. ಇಂಥವುಗಳನ್ನು ತಡೆಯಲಿಕ್ಕೆ ಆ ಕಾನೂನು ಹುಟ್ಟಿತು. ಅದರ ಪ್ರಕಾರ ಪಕ್ಷದ ಆಜ್ಞೆಗೆ ವಿರೋಧವಾಗಿ ಸಭೆಯಲ್ಲಿ ಮತ ಕೊಟ್ಟವನು ತನ್ನ ಸ್ಥಾನವನ್ನೇ ಕಳಕೊಳ್ಳುವನು. ಇದರ ಒಂದು ಫಲವು ವಿಪರೀತವಾದದ್ದು. ತನ್ನ ಕ್ಷೇತ್ರದ ಜನರಿಗೆ ಹಾನಿಯಾಗುವದೆಂದು ಮನಸ್ಸಾಕ್ಷಿಯು ಹೇಳುತ್ತಿದ್ದರೂ, ಪಕ್ಷ ಹೇಳಿದಾಗ ಕೈ ಎತ್ತುವವನನ್ನು ನಿಷ್ಠಾವಂತನೆಂದು ಕರೆಯಬೇಕಾಗುತ್ತದೆ. ಹಾಗೆ ಕೈ ಎತ್ತಿ ಎತ್ತಿ ಮೂವತ್ತು ವರುಷ ಕಳೆದವರೂ ಉಂಟು. ಅಂಥ ನಿಷ್ಠೆಯನ್ನು ನಾವು ಸದ್ಗುಣವೆಂದು ಎಣಿಸಲಾರೆವು.

ಹಾಗಾದರೆ ಪಕ್ಷವನ್ನು ಬಿಡುವದು ಕೆಲವು ಸಂದರ್ಭಗಳಲ್ಲಿ ಧರ್ಮವೇ ಆಗಬಹುದು. ಯಾವ ಸಂದರ್ಭದಲ್ಲಿ? ಇಲ್ಲಿ ಬಯಲುಸೀಮೆಯ ಕೂಲಿಯವನ ನ್ಯಾಯವು ನಮಗೆ ಸಹಾಯವಾಗುವದು. ಕಬ್ಬು ಕಡಿಯುವ ಆಳು ಒಬ್ಬ ಧಣಿಯಿಂದ ಮುಂಗಡವನ್ನು ತೆಗೆದುಕೊಂಡು ಬೇರೆಯವನ ಹೊಲಕ್ಕೆ ಹೋದರೆ ಊರು ಅವನನ್ನು ಸುಮ್ಮನೆ ಬಿಡುವದೇ? ಪಂಚಾಯತಿ ಸೇರುತ್ತದೆ, ಬೈಗಳು ಬೀಳುತ್ತವೆ, ಮುಂದಿನ ಸುಗ್ಗಿಯಲ್ಲಿ ಅವನನ್ನು ಯಾರೂ ಕರೆಯುವದಿಲ್ಲ. ಧಣಿಯು ಕ್ರೂರನಾಗಿದ್ದರೆ ಬಿಟ್ಟುಹೋಗುವದಕ್ಕೆ ಅವನಿಗೆ ಹಕ್ಕುಂಟು. ಆದರೆ ಮುಂಗಡವನ್ನು ತಿರುಗಿ ಕೊಟ್ಟು ಹೋಗತಕ್ಕದ್ದೆಂದು ಎಲ್ಲರೂ ಹೇಳುವರು. ಹೊಟ್ಟೆಗಿಲ್ಲದವನಿಂದ ಇಷ್ಟನ್ನು ಕೇಳುವ ಊರು, ಸಾವಿರಾರು ಮತಗಳನ್ನು ಮುಂಗಡವಾಗಿ ಪಡೆದವನಿಂದ ಅದಕ್ಕಿಂತ ಕಡಿಮೆಯಾದದ್ದನ್ನು ಕೇಳಿದರೆ ನಮ್ಮ ತಕ್ಕಡಿಯಲ್ಲಿ ಏನೋ ದೋಷವಿರಬೇಕು.

ಮುಂಗಡವನ್ನು ತಿರುಗಿ ಕೊಟ್ಟವರ ಒಂದು ಶ್ರೇಷ್ಠ ದೃಷ್ಟಾಂತವು 1948ರಲ್ಲಿ ನಡೆಯಿತು. ಆ ವರುಷ ಸಮಾಜವಾದಿಗಳು ಕಾಂಗ್ರೆಸ್ಸನ್ನು ಬಿಟ್ಟರು. ಆಚಾರ್ಯ ನರೇಂದ್ರ ದೇವ ಅವರೂ ಅವರ ಸಂಗಾತಿಗಳೂ ಸಂಯುಕ್ತ ಪ್ರಾಂತದ ಶಾಸನಸಭೆಯಲ್ಲಿ ಕಾಂಗ್ರೆಸ್ಸಿನ ಗುರುತಿನಿಂದ ಪಡೆದಿದ್ದ ಸ್ಥಾನಗಳಿಗೆ ರಾಜೀನಾಮೆ ಕೊಟ್ಟರು. ಹಾಗೆ ಮಾಡಲೇಬೇಕೆಂಬ ಕಾನೂನು ಆಗ ಇರಲಿಲ್ಲ. ಆಚಾರ್ಯರು ಫೈಜಾಬಾದಿನಲ್ಲಿ ಪುನಃ ನಿಂತರು. ಕಾಂಗ್ರೆಸ್ಸಿನ ಬಾಬಾ ರಾಘವದಾಸ್ ಅವರೆದುರು ಸೋತರು. ಮಂತ್ರಿಪದವಿಗಳು ಕೈಗೆಟುಕುವಷ್ಟು ಹತ್ತಿರವಿದ್ದ ಮನೆಯನ್ನು ಬಿಟ್ಟು, ಏನೂ ಇಲ್ಲದ ಬಯಲಿಗೆ ಅವರು ಹೊರಟರು. ಇಂಗ್ಲೆಂಡಿನ ಎಡ್ಮಂಡ್ ಬರ್ಕ್ ಅವರದು ಬೇರೆ ರೀತಿ. 1774ರಲ್ಲಿ ಬ್ರಿಸ್ಟಲ್ ಪಟ್ಟಣದವರು ಅವರನ್ನು ಆರಿಸಿದ ಕೂಡಲೆ, ತಾನು ಅವರ ಅಪ್ಪಣೆಯಂತಲ್ಲ, ತನ್ನ ವಿವೇಕದಂತೆ ನಡೆಯುವೆನೆಂದು ಎಲ್ಲರ ಮುಂದೆ ಹೇಳಿದರು. ಐರ್ಲೆಂಡಿನ ವ್ಯಾಪಾರದ ವಿಷಯದಲ್ಲಿ ಹಾಗೆಯೇ ನಡೆದರು. ಪಟ್ಟಣದವರು ಮುನಿದುಕೊಂಡಾಗ 1780ರಲ್ಲಿ ಆ ಸ್ಥಾನವನ್ನು ಬಿಟ್ಟು ಹಿಂದೆ ಸರಿದರು. ಆತನು ನಮ್ಮನ್ನು ಮೋಸಗೊಳಿಸಿದನೆಂದು ಬ್ರಿಸ್ಟಲಿನವರು ಹೇಳುವ ಹಾಗಿರಲಿಲ್ಲ.

2019ರ ಹದಿನೇಳು ಮಂದಿಯೂ ರಾಜೀನಾಮೆ ಕೊಟ್ಟರಲ್ಲಾ, ಅವರು ಪುನಃ ಜನರ ಮುಂದೆ ಹೋದರಲ್ಲಾ, ಅವರಿಗೂ ಆಚಾರ್ಯರಿಗೂ ಭೇದವೇನು ಎಂದು ವಾಚಕರು ಕೇಳಬಹುದು. ಈ ಆಕ್ಷೇಪಣೆ ಹುರುಳಿಲ್ಲದ್ದಲ್ಲ. ಆದಕಾರಣ ಆ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಆ ವರುಷದ ಜುಲೈ 23ರಂದು ಎಚ್. ಡಿ. ಕುಮಾರಸ್ವಾಮಿ ಅವರ ಮಂತ್ರಿಮಂಡಲವು 99ಕ್ಕೆ 105 ಮತಗಳಿಂದ ಬಿದ್ದುಹೋಯಿತು. ಸಭಾಧ್ಯಕ್ಷರಾದ ಕೆ. ಆರ್. ರಮೇಶ್ ಕುಮಾರ್ ಅವರು ಒಟ್ಟು 17 ಮಂದಿಯನ್ನು ಅನರ್ಹರೆಂದು ತೀರ್ಮಾನಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟು ಆ ತೀರ್ಮಾನವನ್ನು ಎತ್ತಿಹಿಡಿಯಿತು. ಆದರೆ ಸಭೆಯ ಅವಧಿಯು ಮುಗಿಯುವ ತನಕ ಅವರು ಚುನಾವಣೆಗೆ ನಿಲ್ಲಕೂಡದೆಂಬ ಭಾಗವನ್ನು ಮಾತ್ರ ತೆಗೆದುಹಾಕಿತು. ಡಿಸೆಂಬರಿನಲ್ಲಿ 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ಅನರ್ಹರಾದವರಲ್ಲಿ 13 ಮಂದಿ ಭಾರತೀಯ ಜನತಾ ಪಕ್ಷದಿಂದ ನಿಂತರು. 11 ಮಂದಿ ಗೆದ್ದರು. ಹುಣಸೂರು ಮತ್ತು ಹೊಸಕೋಟೆಯವರು ಮಾತ್ರ ಒಪ್ಪಲಿಲ್ಲ. 91ನೆಯ ತಿದ್ದುಪಡಿಯ ಪ್ರಕಾರ ಅನರ್ಹನಾದವನು ಪುನಃ ಆರಿಸಲ್ಪಡದೆ ಮಂತ್ರಿಯಾಗಲಾರನು. ಅಂದರೆ ಮಂತ್ರಿಪದವಿಯ ಬಾಗಿಲಿನ ಬೀಗದ ಕೈಯು ಮತದಾರನ ಕೈಯಲ್ಲಿಯೇ ಇತ್ತು. ಹೊಸಪೇಟೆಯವರು ಅದನ್ನು ತಿರುಗಿಸಿದರು. 2020ರ ಫೆಬ್ರವರಿ 6ರಂದು ಅವರ ಪ್ರತಿನಿಧಿಯು ಮಂತ್ರಿಯಾದರು.

ಆನಂದ್ ಸಿಂಗ್ ಅವರು ರಾಜೀನಾಮೆಗೆ ಕೊಟ್ಟ ಕಾರಣವು ಬಹಿರಂಗವಾದದ್ದು. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಕಡೆಯಲ್ಲಿ 3,667 ಎಕರೆ ಭೂಮಿಯನ್ನು ಜಿಂದಾಲ್ ಉಕ್ಕಿನ ಕಾರ್ಖಾನೆಗೆ ಕ್ರಯಕ್ಕೆ ಕೊಡುವದಕ್ಕೆ ಆಗಿನ ಮಂತ್ರಿಮಂಡಲವು ಮೇ ತಿಂಗಳಲ್ಲಿ ಒಪ್ಪಿತ್ತು. ಅದಕ್ಕೆ ವಿರೋಧವಾಗಿ ಬಿಡುತ್ತೇನೆಂದರು. ಕಾರಣವು ಹಗುರವಾದದ್ದೆಂದು ಯಾರು ಹೇಳಾರು? ಆ ಭೂಮಿಯ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಚಿಂತೆ ಇದ್ದದ್ದು ನಿಜ. ಆದರೆ ಕಾರಣವು ಸತ್ಯವಾದದ್ದೋ ಎಂಬದನ್ನು ಅದು ಹೇಳಲ್ಪಟ್ಟ ದಿನದಲ್ಲಿ ತಿಳಿಯಲಾಗದು. ಲಾಭವು ಕೈಸೇರಿದ ಮೇಲೆ ಆ ಕಾರಣ ಏನಾಯಿತೆಂದು ನೋಡಬೇಕು. 2021ರ ಏಪ್ರಿಲಿನಲ್ಲಿ ಬಿ. ಎಸ್. ಯಡಿಯೂರಪ್ಪ ಅವರ ಮಂತ್ರಿಮಂಡಲವು ಅದೇ 3,667 ಎಕರೆಯನ್ನು ಅದೇ ಕಾರ್ಖಾನೆಗೆ ಕ್ರಯಕ್ಕೆ ಕೊಡಲು ನಿರ್ಣಯಿಸಿತು. ವಿರೋಧ ಹುಟ್ಟಿದ್ದರಿಂದ ಮರುತಿಂಗಳು ಆ ನಿರ್ಣಯವನ್ನು ತಡೆದಿಟ್ಟರು. ಆನಂದ್ ಸಿಂಗ್ ಅವರು ಆಗಲೂ ಅನಂತರವೂ ಮಂತ್ರಿಮಂಡಲದಲ್ಲಿಯೇ ಇದ್ದರು. ಕೊನೆಗೆ 2024ರ ಆಗಸ್ಟಿನಲ್ಲಿ ಸಿದ್ದರಾಮಯ್ಯ ಅವರ ಮಂತ್ರಿಮಂಡಲವು ಆ ಕ್ರಯಕ್ಕೆ ಒಪ್ಪಿಗೆ ಕೊಟ್ಟಿತು. ಮೂರು ಸರಕಾರಗಳು, ಒಂದೇ ಭೂಮಿ. ಈ ವಿಷಯದಲ್ಲಿ ಯಾವ ಗುರುತಿಗೆ ನಿಷ್ಠನಾಗಿದ್ದರೂ ಸಂಡೂರಿನ ರೈತನಿಗೆ ಫಲವು ಬೇರೆಯಾಗುತ್ತಿರಲಿಲ್ಲ ಎಂಬದನ್ನೂ ಒಪ್ಪಬೇಕು.

ಹೊಸಪೇಟೆಯ ಮತದಾರರು ಬುದ್ಧಿಹೀನರಾಗಿದ್ದರೆಂದು ನಾವು ಹೇಳುವದಿಲ್ಲ. ಅವರಿಗೆ ಒಂದು ಆಶೆ ಇತ್ತು. ಉಪಚುನಾವಣೆಗೆ ಮುಂಚೆಯೇ, 2019ರ ಸೆಪ್ಟೆಂಬರಿನಲ್ಲಿ, ವಿಜಯನಗರವನ್ನು ಪ್ರತ್ಯೇಕ ಜಿಲ್ಲೆಯಾಗಿ ಮಾಡಬೇಕೆಂಬ ಬೇಡಿಕೆಯು ಮುಖ್ಯಮಂತ್ರಿಯ ಮುಂದೆ ಹೋಗಿತ್ತು; ಅದರ ಮುಂದಾಳುಗಳಲ್ಲಿ ಆನಂದ್ ಸಿಂಗ್ ಅವರೂ ಇದ್ದರು. ಹೂವಿನಹಡಗಲಿಯ ಬಡವನು ಜಿಲ್ಲಾಧಿಕಾರಿಯ ಕಚೇರಿಗೆ ಹೋಗಬೇಕಾದರೆ ಹೊಸಪೇಟೆಯನ್ನು ದಾಟಿ ಇನ್ನೂ ಸುಮಾರು 60 ಕಿಲೋಮೀಟರು ದೂರದ ಬಳ್ಳಾರಿಯನ್ನು ಮುಟ್ಟಬೇಕಾಗಿತ್ತು. ಅದೇ ಪಕ್ಷದ ಬಳ್ಳಾರಿ ನಗರದ ಶಾಸಕರು ಬೇಡಿಕೆಯನ್ನು ವಿರೋಧಿಸಿದರೂ ಅದು ಕೈಗೂಡಿತು. 2021ರ ಫೆಬ್ರವರಿ 8ರಂದು ಆಜ್ಞೆ ಹೊರಟಿತು. ಅಕ್ಟೋಬರ್ 2ರಂದು ರಾಜ್ಯದ 31ನೆಯ ಜಿಲ್ಲೆಯು ಉದ್ಘಾಟನೆಯಾಯಿತು. ಬರಿಯ ಮಾತಿಗೆ ಮರುಳಾಗಿ ಕೆಟ್ಟರೆಂದು ಹೊಸಪೇಟೆಯವರನ್ನು ಹಾಸ್ಯಮಾಡಲು ಯಾರಿಗೂ ಆಗದು. 30 ಸಾವಿರಕ್ಕಿಂತ ಹೆಚ್ಚಿನ ಅಂತರದಿಂದ ಅವರು ಕೊಟ್ಟ ಗೆಲುವಿಗೆ ಪ್ರತಿಫಲ ಬಂದಿತು.

ಆದರೆ ಇಲ್ಲಿಯೇ ನಾವು ನಿಲ್ಲಬೇಕು. ಮೆಟ್ರಿಯ ರೈತನು ಎಲ್ಲಿದ್ದಾನೆ? ಕಂಪ್ಲಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿಯಿತು, ಸಂಡೂರೂ ಉಳಿಯಿತು. ಇದರಲ್ಲಿ ಅವರಿಗೆ ಲಾಭವೋ ನಷ್ಟವೋ ಎಂಬದು ಬೇರೆ ಮಾತು. ಮುಖ್ಯವಾದದ್ದು ಇದು: 2018ರಲ್ಲಿ ಮೆಟ್ರಿಯವರೂ ಮತ ಕೊಟ್ಟಿದ್ದರು. ಅವರ ಮತವೂ ಸೇರಿ ಆದ ಒಂದು ಸಭೆಯಿಂದ ಒಂದು ಸರಕಾರ ಹುಟ್ಟಿತು. ಅದು ಒಳ್ಳೆಯ ಸರಕಾರವೆಂದು ನಾವು ವಾದಿಸುವದಿಲ್ಲ. ಆ ಸರಕಾರವು ಬಿದ್ದು ಮತ್ತೊಂದು ಎದ್ದದ್ದರ ಫಲವು ರಾಜ್ಯದ ಎಲ್ಲಾ 224 ಕ್ಷೇತ್ರಗಳ ಮೇಲೆ ಬಂತು. ನಿಮಗೆ ಇದು ಒಪ್ಪಿಗೆಯೋ ಎಂಬ ಪ್ರಶ್ನೆಯು 17 ಕ್ಷೇತ್ರಗಳವರಿಗೆ ಮಾತ್ರ ಬಂತು. ರಾಜೀನಾಮೆಯಿಂದ ಮುಂಗಡವು ತನ್ನ ಕ್ಷೇತ್ರದವರಿಗೆ ತಿರುಗಿ ಬಂದಂತಾಯಿತು ನಿಜ. ಇಡೀ ನಾಡಿನವರಿಂದ ಪಡೆದದ್ದು ತಿರುಗಿ ಬರಲಿಲ್ಲ. ಕಾಲುವೆಯ ನೀರಗಂಟಿಯು ಒಂದು ಓಣಿಯವರ ಒಪ್ಪಿಗೆ ಪಡೆದು ತೂಬನ್ನು ತಿರುಗಿಸಿದರೆ, ಕೆಳಗಿನ ಬಯಲಿನವರು ಅವನನ್ನು ಕೇಳಬಾರದೇ? ಆಚಾರ್ಯ ನರೇಂದ್ರ ದೇವ ಅವರು ಬಿಟ್ಟಾಗ ಯಾವ ಮಂತ್ರಿಮಂಡಲವೂ ಬೀಳಲಿಲ್ಲ, ಏಳಲಿಲ್ಲ, ನಷ್ಟವಾದದ್ದು ಅವರಿಗೇ. 2019ರಲ್ಲಿ ಬಿಟ್ಟವರಿಗೆ ಪದವಿ ಬಂತು. ಬಿಟ್ಟದ್ದರ ಭಾರವನ್ನು ಹೊತ್ತವರು ಬೇರೆಯವರು. ಭೇದವು ಇದರಲ್ಲಿದೆ. ಆದಕಾರಣ ಆ ಡಿಸೆಂಬರಿನಲ್ಲಿ ಹೊಸಪೇಟೆಯವರು ಕೊಟ್ಟ ಮತವು ಜಿಲ್ಲೆಯನ್ನು ಪಡೆಯಲಿಕ್ಕೆ ಸಫಲವಾದದ್ದೆಂದು ಒಪ್ಪಿಕೊಂಡೂ, ಅದು ನ್ಯಾಯವಾದ ಮತವಾಗಿತ್ತೆಂದು ನಾವು ಹೇಳಲಾರೆವು. ನಮ್ಮ ಊರಿಗೆ ಒಳ್ಳೆಯದಾದರೆ ಸಾಕು ಎಂದು ಮತ ಕೊಟ್ಟವನು, ನಾಳೆ ಬೇರೆ ಊರಿನವರು ಹಾಗೆಯೇ ಎಣಿಸಿ ಅವನ ಸರಕಾರವನ್ನು ಕೆಡವಿದಾಗ ಯಾವ ಬಾಯಿಂದ ದೂರುವನು?

ಹಾಗೆಂದು, ಸುದ್ದಿಯನ್ನು ಕೇಳಿದ ಮಾತ್ರಕ್ಕೆ ಒಬ್ಬನನ್ನು ತಳ್ಳಿಬಿಡುವದೂ ಸರಿಯಲ್ಲ. ಇವನು ನಾಳೆ ಆ ಕಡೆಗೆ ಹೋಗುವನಂತೆ ಎಂಬ ಮಾತನ್ನು ಹುಟ್ಟಿಸುವದಕ್ಕೆ ಎದುರಾಳಿಗೆ ಒಂದು ಕಾಸಿನ ಖರ್ಚಿಲ್ಲ. ಚುನಾವಣೆಯ ಹಿಂದಿನ ರಾತ್ರಿಯಲ್ಲಿ ಹುಟ್ಟಿದ ಇಂಥ ಮಾತುಗಳಿಗೆ ತಂದೆತಾಯಿಗಳೇ ಇರುವದಿಲ್ಲ. ಈಗಂತೂ ಅದು ಅಂಗೈಯ ಫೋನಿನಲ್ಲಿಯೇ ಮನೆ ಮನೆಗೆ ಹೋಗುತ್ತದೆ. ನೆರೆಯವನ ಮೇಲೆ ಕಳವಿನ ಗುಮಾನಿಯನ್ನು ಸಾಕ್ಷಿಯಿಲ್ಲದೆ ನಂಬಬಾರದಾದರೆ ಉಮೇದುವಾರನ ಮೇಲಿನ ಗುಮಾನಿಯನ್ನು ಯಾಕೆ ನಂಬಬೇಕು? ಮುಂಚೆ ಒಮ್ಮೆ ಪಕ್ಷ ಬಿಟ್ಟವನೂ ಎಂದೆಂದಿಗೂ ಅಯೋಗ್ಯನಲ್ಲ. ಅವನು ಯಾವಾಗ ಬಿಟ್ಟನು? ಚುನಾವಣೆಗೆ ಮುಂಚೆ, ಜನರಿಗೆ ತಿಳಿಸಿ, ಹೊಸ ಗುರುತಿನಿಂದ ಅವರ ಮುಂದೆ ಬಂದನೋ, ಅಥವಾ ಒಂದು ಗುರುತಿನಿಂದ ಗೆದ್ದು ನಡುವೆ ದಾಟಿದನೋ? ಈ ನ್ಯಾಯದ ಪ್ರಕಾರ 2018ರ ಆರಂಭದಲ್ಲಿ ಆನಂದ್ ಸಿಂಗ್ ಅವರು ಕಾಂಗ್ರೆಸ್ಸನ್ನು ಸೇರಿದ್ದಕ್ಕೂ, ಮರುವರುಷ ಅದನ್ನು ಬಿಟ್ಟದ್ದಕ್ಕೂ ಒಂದೇ ತೀರ್ಪನ್ನು ಕೊಡಲಾಗದು. ಮೊದಲನೆಯ ಸಾರಿ ಮತದಾರರಿಗೆ ಕೆಲವೇ ತಿಂಗಳುಗಳಲ್ಲಿ ತೀರ್ಪು ಹೇಳುವ ಅವಕಾಶವಿತ್ತು. ಅವರು 8 ಸಾವಿರಕ್ಕೆ ಸ್ವಲ್ಪ ಮೇಲಾದ ಅಂತರದಿಂದ ಒಪ್ಪಿದರು. ಕಂಪ್ಲಿಯವರು 2013ರಲ್ಲಿ ಮಾಡಿದ್ದನ್ನೂ 2018ರಲ್ಲಿ ಮಾಡಿದ್ದನ್ನೂ ನಾವು ಇದೇ ಬೆಳಕಿನಲ್ಲಿ ನೋಡುತ್ತೇವೆ. ಗುರುತು ಬದಲಾದದ್ದನ್ನು ತಿಳಿದೇ ಒಮ್ಮೆ ಆರಿಸಿದರು, ಒಮ್ಮೆ ಬಿಟ್ಟರು. ಅದರಲ್ಲಿ ಯಾರೂ ಯಾರನ್ನೂ ಮೋಸಗೊಳಿಸಲಿಲ್ಲ.

ಆದಕಾರಣ ಸಂಶಯವುಳ್ಳವನು ಓಣಿಗೆ ಬಂದಾಗ ಅವನನ್ನು ಬಯ್ಯುವದಾಗಲಿ ಹಿಂದಿನಿಂದ ಆಡಿಕೊಳ್ಳುವದಾಗಲಿ ಬೇಡ. ಎಲ್ಲರ ಮುಂದೆ ಅವನನ್ನೇ ಕೇಳಬೇಕು. ಗ್ರಾಮಗಳಲ್ಲಿ ಉಮೇದುವಾರನನ್ನು ಕೊಳವೆಬಾವಿ, ಚರಂಡಿ, ಸ್ಮಶಾನದ ಜಾಗ, ಬಸ್ಸು, ಇವುಗಳ ವಿಷಯವಾಗಿ ಕೇಳುತ್ತಾರೆ. ಇವು ಕೇಳತಕ್ಕವುಗಳೇ. ಇವುಗಳ ಜೊತೆಯಲ್ಲಿ ಹೆಂಗಸರಾಗಲಿ ಗಂಡಸರಾಗಲಿ ಯಾರಾದರೊಬ್ಬರು ಎದ್ದು ಹೀಗೂ ಕೇಳಬಹುದು: ಅಣ್ಣಾವರೇ, ನೀವು ಹಿಂದೆ ಆ ಪಕ್ಷವನ್ನು ಬಿಟ್ಟದ್ದು ಯಾವ ಕಾರಣದಿಂದ? ಆ ಕಾರಣದ ವಿಷಯವಾಗಿ ಆಮೇಲೆ ಏನು ಮಾಡಿದಿರಿ? ಈ ಪಕ್ಷವನ್ನು ಬಿಡಬೇಕಾಗಿ ಬಂದರೆ ಮೊದಲು ನಮ್ಮ ಊರಿಗೆ ಬಂದು ಹೇಳಿ ಬಿಡುವಿರೋ, ಬಿಟ್ಟು ಬಂದು ಹೇಳುವಿರೋ? ಬಿಟ್ಟ ಮೇಲೆ ಆ ಅವಧಿಯು ಮುಗಿಯುವ ತನಕ ಮಂತ್ರಿಪದವಿಯನ್ನು ಬೇಡವೆನ್ನುವಿರೋ? ಇವುಗಳಲ್ಲಿ ಕೊನೆಯದೇ ಹೆಚ್ಚು ಪ್ರಯೋಜನದ್ದೆಂದು ನಮ್ಮ ಅಭಿಪ್ರಾಯ. ಅದಕ್ಕೆ ಹೌದೆಂದು ಹೇಳಿ, ಹೇಳಿದ್ದನ್ನು ಊರವರು ನೆನಪಿಟ್ಟರೆ, ಅವನ ಪಕ್ಷನಿಷ್ಠೆಯು ಎಷ್ಟೇ ಸಂಶಯವಾಗಿದ್ದರೂ ಅವನಿಗೆ ಮತ ಕೊಡುವದರಲ್ಲಿ ನಾವು ತಪ್ಪು ಕಾಣುವದಿಲ್ಲ. ಅದಕ್ಕೆ ಉತ್ತರ ಕೊಡದೆ ನಕ್ಕು ಮುಂದಿನ ಮನೆಗೆ ಹೋಗುವವನು, ಹುಟ್ಟಿದಂದಿನಿಂದ ಒಂದೇ ಪಕ್ಷದಲ್ಲಿ ಇದ್ದವನಾದರೂ, ನಮ್ಮ ಮತವನ್ನು ಪಡೆಯುವದಿಲ್ಲ.

ನಿಂತವರೆಲ್ಲರೂ ಹೀಗೆಯೇ ನಕ್ಕು ಹೋದರೆ? 2013ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಿಂದ ಮತಯಂತ್ರದ ಕೊನೆಯಲ್ಲಿ ಇವರಲ್ಲಿ ಯಾರೂ ಬೇಡವೆನ್ನುವ ಗುಂಡಿಯೂ ಉಂಟು. ಅದನ್ನು ಎಷ್ಟು ಮಂದಿ ಒತ್ತಿದರೂ, ಉಳಿದವರಲ್ಲಿ ಹೆಚ್ಚು ಮತ ಪಡೆದವನೇ ಗೆಲ್ಲುವನು. ಈ ಕಾರಣದಿಂದ ನಾವು ಅದನ್ನು ಒತ್ತಿರೆಂದು ಹುರಿದುಂಬಿಸುವದಿಲ್ಲ; ಒತ್ತಿದವರನ್ನು ಹೀಯಾಳಿಸುವದೂ ಇಲ್ಲ. ಮುಂದಿನ ಶಾಸನಸಭೆಯ ಚುನಾವಣೆ 2028ರಲ್ಲಿ ಬರತಕ್ಕದ್ದು. ಅಷ್ಟರೊಳಗೆ ಗ್ರಾಮಪಂಚಾಯತಿಯ ಚುನಾವಣೆಯ ಕಾಲದಲ್ಲಿ ಗುರುತಿಲ್ಲದ ಉಮೇದುವಾರರ ಮುಂದೆಯೇ ಇಂಥ ಪ್ರಶ್ನೆಗಳನ್ನು ಕೇಳಿ ಅಭ್ಯಾಸಮಾಡಿಕೊಳ್ಳಲಿಕ್ಕೆ ಮೆಟ್ರಿಯವರಿಗೂ ಸುತ್ತಲಿನವರಿಗೂ ಅವಕಾಶವುಂಟು. ಅಲ್ಲಿ ಕೇಳುವವನ ಮನೆಯೂ ಉತ್ತರ ಕೊಡುವವನ ಮನೆಯೂ ಒಂದೇ ಓಣಿಯಲ್ಲಿರುತ್ತವೆ.